ಉಬುಂಟು 24.04 ಲ್ಯಾಬ್: ಪ್ರಾಕ್ಸಿ ಹಿಂದೆ ಬ್ರೌಸರ್ ಓಡುತ್ತದೆ, ಆಪ್ಟ್ ಓಡುತ್ತಿಲ್ಲ

ಲ್ಯಾಬ್_ಇನ್‌ಚಾರ್ಜ್:

ಪಾಲಿಟೆಕ್ನಿಕ್ ಲ್ಯಾಬಿನ 40 ಯಂತ್ರಗಳಲ್ಲಿ ಉಬುಂಟು 24.04 ಇದೆ. ಹೊರಗೆ ಹೋಗಲು ಇರುವುದು ಒಂದೇ ದಾರಿ, 10.20.30.1ರಲ್ಲಿ 3128ನೇ ಪೋರ್ಟ್‌ನಲ್ಲಿರುವ ಸ್ಕ್ವಿಡ್ ಪ್ರಾಕ್ಸಿ, ಅಂದರೆ ನಮ್ಮ ಪರವಾಗಿ ಇಂಟರ್ನೆಟ್‌ಗೆ ಹೋಗಿಬರುವ ನಡುವಿನ ಸರ್ವರ್. ಅದು ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪ್ರಾಕ್ಸಿಯಲ್ಲಿ ವಿಳಾಸ ಕೊಟ್ಟ ಮೇಲೆ ಫೈರ್‌ಫಾಕ್ಸ್ ಚೆನ್ನಾಗಿ ಓಡುತ್ತಿದೆ. ಟರ್ಮಿನಲ್‌ನಲ್ಲಿ ಸಾಫ್ಟ್‌ವೇರ್ ಇಳಿಸುವ ಆಪ್ಟ್‌ಗೆ "ಸುಡೊ ಆಪ್ಟ್ ಅಪ್‌ಡೇಟ್" ಕೊಟ್ಟರೆ ಮಾತ್ರ "ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್ ಇನ್.ಆರ್ಕೈವ್.ಉಬುಂಟು.ಕಾಮ್" ಅಂತ ನಿಲ್ಲುತ್ತದೆ. ಶೆಲ್‌ನ ಸೆಟ್ಟಿಂಗ್ ಫೈಲ್ ಆದ ಬ್ಯಾಶ್‌ಆರ್‌ಸಿಯಲ್ಲಿ ಎಚ್‌ಟಿಟಿಪಿ_ಪ್ರಾಕ್ಸಿ ಎಕ್ಸ್‌ಪೋರ್ಟ್ ಮಾಡಿದರೂ ಅದೇ. ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವ ವ್ಯವಸ್ಥೆ) ಬದಲಿಸಬೇಕೇ?

ಟರ್ಮಿನಲ್_ಗೆಳೆಯ:

ಡಿಎನ್‌ಎಸ್ ಮುಟ್ಟಬೇಡಿ ಸರ್. ಎರರ್‌ನಲ್ಲಿ ಯಾರ ಹೆಸರು ಬಂದಿದೆ ನೋಡಿ. ಪ್ರಾಕ್ಸಿ ಮೂಲಕ ಹೋಗುವಾಗ ಉಬುಂಟು ಆರ್ಕೈವ್‌ನ ಐಪಿ ಹುಡುಕುವುದು ಪ್ರಾಕ್ಸಿಯ ಕೆಲಸ, ನಿಮ್ಮ ಯಂತ್ರಕ್ಕೆ ಅದು ಗೊತ್ತಿರಬೇಕಾಗಿಯೇ ಇಲ್ಲ. ಆಪ್ಟ್ ತಾನೇ ಆರ್ಕೈವ್‌ನ ಹೆಸರು ಹುಡುಕಲು ಹೊರಟಿದೆ ಅಂದರೆ ಪ್ರಾಕ್ಸಿ ಇದೆ ಎಂಬ ಸುದ್ದಿಯೇ ಅದಕ್ಕೆ ತಲುಪಿಲ್ಲ. ಹುಡುಕಿ ಸಿಗದೇ ಹೋದದ್ದು ಪ್ರಾಕ್ಸಿಯ ಹೆಸರೇ ಆಗಿದ್ದರೆ, ಸುದ್ದಿ ತಲುಪಿದೆ, ವಿಳಾಸ ತಪ್ಪಿದೆ ಅಂತ ಅರ್ಥ ಆಗುತ್ತಿತ್ತು.

ಸುದ್ದಿ ತಲುಪದಿರಲು ಕಾರಣ ಎರಡು. ಸೆಟ್ಟಿಂಗ್ಸ್‌ನಲ್ಲಿ ಹಾಕಿದ್ದು ಡೆಸ್ಕ್‌ಟಾಪ್ ಅಪ್ಲಿಕೇಶನ್‌ಗಳಿಗೆ, ಆಪ್ಟ್ ಆ ಕಡೆ ತಿರುಗಿಯೂ ನೋಡುವುದಿಲ್ಲ. ಎಕ್ಸ್‌ಪೋರ್ಟ್ ಮಾಡಿದ್ದು ನಿಮ್ಮ ಶೆಲ್‌ನಲ್ಲಿ ಉಳಿದಿದೆ. ಸುಡೊ ರೂಟ್ (ಅಡ್ಮಿನ್ ಯೂಸರ್) ಆಗುವಾಗ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಅಳಿಸಿಬಿಡುತ್ತದೆ. "ಸುಡೊ ಎನ್ವ್ | ಗ್ರೆಪ್ -ಐ ಪ್ರಾಕ್ಸಿ" ಕೊಟ್ಟು ನೋಡಿ, ಏನೂ ಬರುವುದಿಲ್ಲ.

"ಸುಡೊ -ಇ" ಕೊಟ್ಟರೆ (ಇ ದೊಡ್ಡಕ್ಷರ) ವೇರಿಯಬಲ್ ಉಳಿಯುತ್ತದೆ. ಸುಡೊ ನಿಯಮಗಳ ಫೈಲನ್ನು ವಿಸುಡೊದಿಂದ ತೆರೆದರೆ ಪ್ರಾಕ್ಸಿ ವೇರಿಯಬಲ್‌ಗಳಿಗೆ ಎನ್ವ್_ಕೀಪ್ ಸಾಲು ಮೊದಲೇ ಇರುತ್ತದೆ, ಮುಂದಿನ # ತೆಗೆದರೂ ಸಾಕು. ಆದರೆ ಲ್ಯಾಬ್‌ಗೆ ಇವೆರಡೂ ಬೇಡ. ದಿನವೂ ತಾನಾಗಿ ಓಡುವ ಆಪ್ಟ್-ಡೈಲಿ ಟೈಮರ್, ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಎರಡನ್ನೂ ಎಬ್ಬಿಸುವುದು ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ. ಅವಕ್ಕೆ ಬ್ಯಾಶ್‌ಆರ್‌ಸಿಯೂ ಇಲ್ಲ, /ಇಟಿಸಿ/ಎನ್ವಿರಾನ್‌ಮೆಂಟ್ ಕೂಡ ಇಲ್ಲ, ಅದನ್ನು ಓದುವುದು ಲಾಗಿನ್ ಸಮಯದಲ್ಲಿ ಮಾತ್ರ. ಹಾಗಾಗಿ ಆಪ್ಟ್‌ನ ಸ್ವಂತ ಫೈಲ್‌ನಲ್ಲೇ ಬರೆಯಿರಿ.

/ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ/95ಪ್ರಾಕ್ಸಿ ಎಂಬ ಹೊಸ ಫೈಲ್ ಮಾಡಿ ಈ ಎರಡು ಸಾಲು ಹಾಕಿ (ಓದಲಿಕ್ಕೆಂದು ಕನ್ನಡದಲ್ಲಿ ಬರೆದಿದ್ದೇನೆ, ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರ):

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://ಯೂಸರ್:ಪಾಸ್‌ವರ್ಡ್@10.20.30.1:3128/";
ಅಕ್ವೈರ್::ಎಚ್‌ಟಿಟಿಪಿಎಸ್::ಪ್ರಾಕ್ಸಿ "ಎಚ್‌ಟಿಟಿಪಿ://ಯೂಸರ್:ಪಾಸ್‌ವರ್ಡ್@10.20.30.1:3128/";

ಎರಡನೇ ಸಾಲಿನ ಕೋಟ್ ಒಳಗೂ ಎಚ್‌ಟಿಟಿಪಿ ಅಂತಲೇ ಇದೆ, ಗಮನಿಸಿ. ಎಡಗಡೆ ಇರುವುದು ಯಾವ ಬಗೆಯ ರೆಪೊಸಿಟರಿಗೆ (ಪ್ಯಾಕೇಜ್‌ಗಳ ಸಂಗ್ರಹಕ್ಕೆ) ಎಂಬುದು, ಬಲಗಡೆ ಇರುವುದು ಪ್ರಾಕ್ಸಿ ಜೊತೆ ಹೇಗೆ ಮಾತಾಡಬೇಕು ಎಂಬುದು. ಸ್ಕ್ವಿಡ್‌ನ 3128 ಸಾಮಾನ್ಯವಾಗಿ ಸಾದಾ ಎಚ್‌ಟಿಟಿಪಿ ಪೋರ್ಟ್. ಅಲ್ಲಿ ಎಸ್ ಸೇರಿಸಿದರೆ "ಆನ್ ಅನ್‌ಎಕ್ಸ್‌ಪೆಕ್ಟೆಡ್ ಟಿಎಲ್‌ಎಸ್ ಪ್ಯಾಕೆಟ್ ವಾಸ್ ರಿಸೀವ್ಡ್" ಅಂತ ಬೈಸಿಕೊಳ್ಳುತ್ತೀರಿ. ಸಾಲಿನ ಕೊನೆಯ ಸೆಮಿಕೋಲನ್ ಬಿಡಬೇಡಿ. ಫೈಲ್ ಹೆಸರಿಗೆ .ಟಿಎಕ್ಸ್‌ಟಿ ಬಾಲ ಅಂಟಿಸಬೇಡಿ, ಬಾಲವೇ ಇರಬಾರದು ಅಥವಾ .ಕಾನ್ಫ್ ಇರಬೇಕು. ಬೇರೆ ಏನಿದ್ದರೂ ಆಪ್ಟ್ ಆ ಫೈಲನ್ನು ಪಕ್ಕಕ್ಕಿಡುತ್ತದೆ.

ಆಮೇಲೆ "ಆಪ್ಟ್-ಕಾನ್ಫಿಗ್ ಡಂಪ್ | ಗ್ರೆಪ್ -ಐ ಪ್ರಾಕ್ಸಿ" ಕೊಡಿ. ಎರಡೂ ಸಾಲು ಕಾಣಿಸಬೇಕು. ಅಲ್ಲಿ ಕಾಣದೆ ಇದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥ ಇಲ್ಲ.

ಲ್ಯಾಬ್_ಇನ್‌ಚಾರ್ಜ್:

ಡಂಪ್‌ನಲ್ಲಿ ಎರಡೂ ಸಾಲು ಬಂದಿವೆ. ಈಗ ಎರರ್ ಬದಲಾಗಿದೆ: "ಕುಡ್ ನಾಟ್ ರಿಸಾಲ್ವ್", ಮುಂದೆ ಪಾಸ್‌ವರ್ಡ್‌ನ ಅರ್ಧ ತುಂಡು ಕಾಣಿಸುತ್ತಿದೆ. ಪಾಸ್‌ವರ್ಡ್‌ನಲ್ಲಿ @ ಮತ್ತು # ಎರಡೂ ಇವೆ.

ಟರ್ಮಿನಲ್_ಗೆಳೆಯ:

ಅದೇ ಕಾರಣ. ಯುಆರ್‌ಎಲ್‌ನಲ್ಲಿ @ ಬಂದ ಕೂಡಲೇ "ಪಾಸ್‌ವರ್ಡ್ ಮುಗಿಯಿತು, ಇನ್ನು ಹೋಸ್ಟ್" ಅಂತ ಅರ್ಥ. ಪಾಸ್‌ವರ್ಡ್ ಒಳಗಿನ ಚಿಹ್ನೆಗಳನ್ನು ಅವುಗಳ ಕೋಡ್‌ನಲ್ಲಿ ಬರೆಯಬೇಕು. @ ಇದ್ದಲ್ಲಿ %40, # ಇದ್ದಲ್ಲಿ %23, $ ಇದ್ದಲ್ಲಿ %24, ! ಇದ್ದಲ್ಲಿ %21, ಸ್ಪೇಸ್‌ಗೆ %20, ಪಾಸ್‌ವರ್ಡ್‌ನಲ್ಲೇ % ಇದ್ದರೆ %25. ಕೋಲನ್‌ಗೆ % ಆದ ಮೇಲೆ 3 ಮತ್ತು ಇಂಗ್ಲಿಷಿನ ಎ, ಸ್ಲ್ಯಾಶ್‌ಗೆ 2 ಮತ್ತು ಎಫ್. ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ನಡುವಿನ ಕೋಲನ್, ಹೋಸ್ಟ್ ಮುಂದಿನ @, ಈ ಎರಡು ಮಾತ್ರ ಇದ್ದ ಹಾಗೇ ಇರಲಿ.

ಪಾಸ್‌ವರ್ಡ್ ಸರಿ ಇದೆಯೇ ಅನ್ನುವುದನ್ನು ಆಪ್ಟ್ ಬಿಟ್ಟು ಕರ್ಲ್ ಎಂಬ ಡೌನ್‌ಲೋಡ್ ಕಮಾಂಡ್‌ನಲ್ಲಿ ನೋಡಿ: "ಕರ್ಲ್ -ವಿ -ಎಕ್ಸ್ ಎಚ್‌ಟಿಟಿಪಿ://10.20.30.1:3128 -ಯು" ಕೊಟ್ಟು, ಯೂಸರ್‌ನೇಮ್, ಆಮೇಲೆ ಆರ್ಕೈವ್‌ನ ವಿಳಾಸ. ಇಲ್ಲಿ ಯು ದೊಡ್ಡಕ್ಷರ, ಚಿಕ್ಕದಾದರೆ ಅದು ಪ್ರಾಕ್ಸಿಗಲ್ಲ, ಸೈಟ್‌ಗೆ ಕೊಡುವ ಪಾಸ್‌ವರ್ಡ್ ಆಗುತ್ತದೆ. ಪಾಸ್‌ವರ್ಡ್ ಅದೇ ಕೇಳಿಕೊಳ್ಳುತ್ತದೆ, ಹಿಸ್ಟರಿಯಲ್ಲಿ ಉಳಿಯುವುದಿಲ್ಲ. 200 ಬಂದರೆ ಪಾಸ್‌ವರ್ಡ್ ಸರಿ, ತೊಂದರೆ ಇರುವುದು ಆಪ್ಟ್ ಫೈಲ್‌ನಲ್ಲಿ. 407 ಬಂದರೆ ಪಾಸ್‌ವರ್ಡೇ ತಪ್ಪು, ಅಥವಾ ಪ್ರಾಕ್ಸಿ ಕೇಳುವ ವಿಧಾನ ಬೇರೆ.

ಇನ್ನೊಂದು: ಆಪ್ಟ್‌ನ ಎರರ್ ಸಾಲಿನ ಕೊನೆಗೆ ಚೌಕ ಆವರಣದಲ್ಲಿ ಐಪಿ ಮತ್ತು ಪೋರ್ಟ್ ಇರುತ್ತದೆ. ಅಲ್ಲಿ 10.20.30.1 3128 ಅಂತಿದ್ದರೆ ಆಪ್ಟ್ ಪ್ರಾಕ್ಸಿಯವರೆಗೆ ಹೋಗಿದೆ, ಉತ್ತರ ಕೊಟ್ಟದ್ದು ಪ್ರಾಕ್ಸಿ.

ಕಚೇರಿ_ಲಿನಕ್ಸ್:

"ವಿಧಾನ ಬೇರೆ" ಅಂದರಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಕಂಪನಿ, ಬ್ಯಾಂಕ್ ನೆಟ್‌ವರ್ಕ್‌ಗಳಲ್ಲಿ ಸಿಕ್ಕಿಬೀಳುವುದು ಇಲ್ಲೇ. ಕರ್ಲ್ -ವಿ ಔಟ್‌ಪುಟ್‌ನಲ್ಲಿ 407ರ ಕೆಳಗೆ "ಪ್ರಾಕ್ಸಿ-ಆಥೆಂಟಿಕೇಟ್" ಎಂಬ ಹೆಡರ್ ಇರುತ್ತದೆ. "ಬೇಸಿಕ್" ಅಂತಿದ್ದರೆ ಮೇಲಿನ ಎರಡು ಸಾಲು ಸಾಕು. ಬರೀ "ಎನ್‌ಟಿಎಲ್‌ಎಂ" (ವಿಂಡೋಸ್‌ನ ಲಾಗಿನ್ ವಿಧಾನ) ಅಂತಿದ್ದರೆ ಯುಆರ್‌ಎಲ್‌ನಲ್ಲಿ ಡೊಮೇನ್, ಬ್ಯಾಕ್‌ಸ್ಲ್ಯಾಶ್ ಎಷ್ಟೇ ತುರುಕಿದರೂ ಆಪ್ಟ್ ಒಳಗೆ ಹೋಗುವುದಿಲ್ಲ. ಆಪ್ಟ್‌ಗೆ ಪ್ರಾಕ್ಸಿ ಜೊತೆ ಬೇಸಿಕ್ ಬಿಟ್ಟು ಬೇರೆ ಮಾತು ಬರುವುದಿಲ್ಲ.

ಅದಕ್ಕೆ ನಡುವೆ ಸಿಎನ್‌ಟಿಎಲ್‌ಎಂ ಎಂಬ ಸಣ್ಣ ಪ್ರಾಕ್ಸಿ ಕೂರಿಸಬೇಕು. ಅದು ನಿಮ್ಮದೇ ಯಂತ್ರದ 127.0.0.1ರಲ್ಲಿ 3128ಕ್ಕೆ ಕೂತು, ಕಂಪನಿ ಪ್ರಾಕ್ಸಿ ಜೊತೆಗಿನ ಎನ್‌ಟಿಎಲ್‌ಎಂ ವ್ಯವಹಾರ ತಾನು ನೋಡಿಕೊಳ್ಳುತ್ತದೆ. ಆಪ್ಟ್ ಇನ್ನೂ ಓಡದೇ ಇರುವುದರಿಂದ ಅದರ ಡೆಬ್ ಫೈಲನ್ನು (ಉಬುಂಟು ಪ್ಯಾಕೇಜ್) ಬ್ರೌಸರ್‌ನಲ್ಲಿ ಇಳಿಸಿ, "ಸುಡೊ ಆಪ್ಟ್ ಇನ್‌ಸ್ಟಾಲ್ ./" ಮುಂದೆ ಫೈಲ್ ಹೆಸರು ಕೊಡಿ. /ಇಟಿಸಿ/ಸಿಎನ್‌ಟಿಎಲ್‌ಎಂ.ಕಾನ್ಫ್‌ನಲ್ಲಿ ಯೂಸರ್‌ನೇಮ್, ಡೊಮೇನ್, ಪ್ರಾಕ್ಸಿ ತುಂಬಿ. "ಪಾಸ್‌ವರ್ಡ್" ಸಾಲನ್ನು ಅಳಿಸಿ. "ಸಿಎನ್‌ಟಿಎಲ್‌ಎಂ -ಎಚ್ -ಡಿ ಡೊಮೇನ್ -ಯು ಯೂಸರ್" ಕೊಟ್ಟರೆ (ಎಚ್ ದೊಡ್ಡಕ್ಷರ) ಪಾಸ್‌ವರ್ಡ್ ಕೇಳಿ ಮೂರು ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿದ ಕೋಡ್) ಸಾಲು ಕೊಡುತ್ತದೆ. "ಪಾಸ್‌ಎನ್‌ಟಿಎಲ್‌ಎಂವಿ2" ಎಂಬ ಸಾಲನ್ನು ಮಾತ್ರ ಫೈಲ್‌ಗೆ ಹಾಕಿ. ಆ ಹ್ಯಾಶ್ ಯೂಸರ್ ಮತ್ತು ಡೊಮೇನ್ ಎರಡನ್ನೂ ಸೇರಿಸಿ ಮಾಡಿದ್ದು, ಡೊಮೇನ್ ಹೆಸರು ಬದಲಾದರೆ ಮತ್ತೆ ಮಾಡಬೇಕು. ಹ್ಯಾಶ್ ತಾನೇ ಎಂದು ಫೈಲನ್ನು ಎಲ್ಲರಿಗೂ ತೆರೆದಿಡಬೇಡಿ, ಈ ಹ್ಯಾಶ್ ಕೈಗೆ ಸಿಕ್ಕವರು ಅದೇ ಹೆಸರಲ್ಲಿ ಪ್ರಾಕ್ಸಿ ದಾಟಬಹುದು. 600 ಅನುಮತಿ (ಮಾಲೀಕನಿಗೆ ಮಾತ್ರ) ಇರಲಿ.

ಈಗ 95ಪ್ರಾಕ್ಸಿಯಲ್ಲಿ ಯೂಸರ್, ಪಾಸ್‌ವರ್ಡ್ ಎರಡೂ ಬೇಡ, ಎಚ್‌ಟಿಟಿಪಿ://127.0.0.1:3128/ ಅಷ್ಟೇ.

ಹೆಡರ್‌ನಲ್ಲಿ ಬರೀ "ನೆಗೋಶಿಯೇಟ್" ಇದ್ದು, ಹಿಂದೆ ಕರ್ಬರಾಸ್ (ಟಿಕೆಟ್ ಆಧಾರಿತ ಲಾಗಿನ್) ಮಾತ್ರ ಇದ್ದರೆ ಇದೂ ಸಾಲದು. ಆಗ ನೆಟ್‌ವರ್ಕ್ ತಂಡದ ಹತ್ತಿರ ನಿಮ್ಮ ಐಪಿಗೆ ವಿನಾಯಿತಿ ಕೇಳುವುದೇ ಸರಿಯಾದ ದಾರಿ.

ಹೊಸ_ಅಡ್ಮಿನ್:

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಆಫೀಸಲ್ಲಿ ಐಪಿ, ಪೋರ್ಟ್ ಏನೂ ಕೊಟ್ಟಿಲ್ಲ. ".ಪ್ಯಾಕ್" ಅಂತ ಮುಗಿಯುವ ಒಂದು ಯುಆರ್‌ಎಲ್ ಕೊಟ್ಟಿದ್ದಾರೆ ಅಷ್ಟೇ. ಅದನ್ನು ಆಪ್ಟ್‌ಗೆ ಹಾಕಬಹುದಾ?

ಟರ್ಮಿನಲ್_ಗೆಳೆಯ:

ಹಾಕಲು ಬರುವುದಿಲ್ಲ. ಅದು ಜಾವಾಸ್ಕ್ರಿಪ್ಟ್ ಫೈಲ್, ಆಪ್ಟ್‌ಗೆ ಅದನ್ನು ಓಡಿಸುವ ಶಕ್ತಿ ಇಲ್ಲ. ಬ್ರೌಸರ್‌ನಲ್ಲಿ ಇಳಿಸಿ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. "ರಿಟರ್ನ್" ಆದ ಮೇಲೆ ಕೋಟ್ ಒಳಗೆ "ಪ್ರಾಕ್ಸಿ" ಅಂತ ಬರೆದು ಹೋಸ್ಟ್ ಮತ್ತು ಪೋರ್ಟ್ ಕೊಟ್ಟಿರುತ್ತಾರೆ. ಒಂದಕ್ಕಿಂತ ಹೆಚ್ಚು ಇದ್ದರೆ ಮೇಲಿನ ಇಫ್ ಷರತ್ತುಗಳನ್ನು ಓದಿ, ಉಬುಂಟು.ಕಾಮ್‌ಗೆ ಯಾವುದು ಅನ್ವಯಿಸುತ್ತದೋ ಅದನ್ನು ತೆಗೆದುಕೊಳ್ಳಿ.

ಸ್ಕ್ವಿಡ್_ಕಾವಲು:

@ಲ್ಯಾಬ್_ಇನ್‌ಚಾರ್ಜ್ ಸರ್, ಪ್ರಾಕ್ಸಿ ನಿಮ್ಮ ಕೈಯಲ್ಲೇ ಇದ್ದರೆ ದಯವಿಟ್ಟು 40 ಯಂತ್ರಗಳಲ್ಲಿ ಪಾಸ್‌ವರ್ಡ್ ಬರೆಯಬೇಡಿ. 95ಪ್ರಾಕ್ಸಿ ಫೈಲನ್ನು ಲ್ಯಾಬಿನ ಯಾವ ವಿದ್ಯಾರ್ಥಿ ಬೇಕಾದರೂ ಓದಬಹುದು, ಯಾಕೆಂದರೆ ಅದರ ಅನುಮತಿ ಸಾಮಾನ್ಯವಾಗಿ 644. 600 ಮಾಡಿದರೆ ರೂಟ್‌ನಿಂದ ಅಪ್‌ಡೇಟ್ ನಡೆಯುತ್ತದೆ, ಆದರೆ ಸಾದಾ ಯೂಸರ್ ಆಪ್ಟ್ ಸರ್ಚ್ ಕೊಟ್ಟಾಗ ಫೈಲ್ ಓದಲಾಗಲಿಲ್ಲ ಅಂತ ತಕರಾರು ಬರುತ್ತದೆ.

ಅದಕ್ಕಿಂತ ಕೆಟ್ಟದ್ದು ಪಾಸ್‌ವರ್ಡ್ ಬದಲಿಸಿದ ದಿನ ಆಗುತ್ತದೆ. ಪ್ರಾಕ್ಸಿ ಖಾತೆ ಆಕ್ಟಿವ್ ಡೈರೆಕ್ಟರಿಯಿಂದ (ವಿಂಡೋಸ್‌ನ ಖಾತೆ ವ್ಯವಸ್ಥೆ) ಬರುತ್ತಿದ್ದರೆ, ಹಳೆಯ ಪಾಸ್‌ವರ್ಡ್ ಹಿಡಿದ 40 ಯಂತ್ರಗಳ ಟೈಮರ್‌ಗಳು ಒಂದರ ಹಿಂದೆ ಒಂದು ಬಾಗಿಲು ತಟ್ಟಿ ಖಾತೆಯನ್ನೇ ಲಾಕ್ ಮಾಡಿಸುತ್ತವೆ. ಎಷ್ಟು ಸಲ ಅನ್‌ಲಾಕ್ ಮಾಡಿದರೂ ಮತ್ತೆ ಲಾಕ್. ಇದಕ್ಕೂ ಆಪ್ಟ್‌ಗೂ ಸಂಬಂಧ ಇದೆ ಅಂತ ಯಾರಿಗೂ ಬೇಗ ಹೊಳೆಯುವುದಿಲ್ಲ.

ಬದಲಿಗೆ, ಲ್ಯಾಬ್ ಯಂತ್ರಗಳು ಪಾಸ್‌ವರ್ಡ್ ಇಲ್ಲದೆ ಉಬುಂಟು.ಕಾಮ್‌ಗೆ ಹೋಗಲು ಸ್ಕ್ವಿಡ್.ಕಾನ್ಫ್‌ನಲ್ಲಿ ಮೂರು ಸಾಲು ಸಾಕು (ಎಸಿಎಲ್ ಅಂದರೆ ಯಾರು, ಎಲ್ಲಿಗೆ ಎಂಬ ಪಟ್ಟಿ):

ಎಸಿಎಲ್ ಲ್ಯಾಬ್‌ಪಿಸಿ ಎಸ್‌ಆರ್‌ಸಿ 10.20.30.0/24
ಎಸಿಎಲ್ ರೆಪೊ ಡಿಎಸ್‌ಟಿಡೊಮೇನ್ .ಉಬುಂಟು.ಕಾಮ್
ಎಚ್‌ಟಿಟಿಪಿ_ಆಕ್ಸೆಸ್ ಅಲೌ ಲ್ಯಾಬ್‌ಪಿಸಿ ರೆಪೊ

ಮೂರನೇ ಸಾಲು, ಪಾಸ್‌ವರ್ಡ್ ಕೇಳುವ ಎಚ್‌ಟಿಟಿಪಿ_ಆಕ್ಸೆಸ್ ಸಾಲಿಗಿಂತ ಮೇಲಿರಬೇಕು. ಸ್ಕ್ವಿಡ್ ಮೇಲಿನಿಂದ ಓದುತ್ತಾ ಬಂದು ಮೊದಲು ಹೊಂದಿದ ಸಾಲಿಗೆ ನಿಲ್ಲುತ್ತದೆ. ಕೆಳಗೆ ಬರೆದರೆ ಬರೆದೂ ಪ್ರಯೋಜನ ಇಲ್ಲ. ಡೊಮೇನ್ ಮುಂದಿನ ಚುಕ್ಕಿಯಿಂದ ಆರ್ಕೈವ್, ಸೆಕ್ಯುರಿಟಿ, ಇನ್.ಆರ್ಕೈವ್, ಕೀಸರ್ವರ್ ಎಲ್ಲವೂ ಸೇರಿಕೊಂಡವು. ಚುಕ್ಕಿ ಹಾಕಿದ ಮೇಲೆ ಅದೇ ಎಸಿಎಲ್‌ನಲ್ಲಿ ಆರ್ಕೈವ್.ಉಬುಂಟು.ಕಾಮ್ ಅಂತ ಮತ್ತೆ ಸೇರಿಸಬೇಡಿ, ಒಂದರೊಳಗೆ ಇನ್ನೊಂದು ಇದೆ ಅಂತ ಸ್ಕ್ವಿಡ್ ಜಗಳ ತೆಗೆಯುತ್ತದೆ. ಪಿಪಿಎ (ಬೇರೆಯವರು ಲಾಂಚ್‌ಪ್ಯಾಡ್‌ನಲ್ಲಿಡುವ ರೆಪೊಸಿಟರಿ) ಬೇಕಿದ್ದರೆ .ಲಾಂಚ್‌ಪ್ಯಾಡ್‌ಕಂಟೆಂಟ್.ನೆಟ್ ಮತ್ತು ಎಪಿಐ.ಲಾಂಚ್‌ಪ್ಯಾಡ್.ನೆಟ್ ಸೇರಿಸಿ. "ಸ್ಕ್ವಿಡ್ -ಕೆ ಪಾರ್ಸ್" ಕೊಟ್ಟು ತಪ್ಪಿಲ್ಲ ಅಂತ ನೋಡಿ, ಆಮೇಲೆ "ಸ್ಕ್ವಿಡ್ -ಕೆ ರಿಕಾನ್ಫಿಗರ್". ಉಳಿದ ಬ್ರೌಸಿಂಗ್‌ಗೆ ಪಾಸ್‌ವರ್ಡ್ ಎಂದಿನಂತೆ ಕೇಳುತ್ತದೆ.

ಲ್ಯಾಬ್_ಇನ್‌ಚಾರ್ಜ್:

ಇದು ಬಹಳ ಉಪಯೋಗವಾಯಿತು. ಎಸಿಎಲ್ ಹಾಕಿಸಿ, 95ಪ್ರಾಕ್ಸಿಯಿಂದ ಪಾಸ್‌ವರ್ಡ್ ತೆಗೆದೆ. ಅಪ್‌ಡೇಟ್ ಆಗುತ್ತಿದೆ. ಎರಡು ವಿಷಯ ಉಳಿದಿವೆ. "ಆಪ್ಟ್ ಇನ್‌ಸ್ಟಾಲ್ ಕ್ರೋಮಿಯಂ-ಬ್ರೌಸರ್" ಕೊಟ್ಟರೆ ಡೆಬ್ ಇಳಿಯುತ್ತದೆ, ಆಮೇಲೆ ಮುಂದೆ ಹೋಗುವುದೇ ಇಲ್ಲ. ಕೆಲವು ಯಂತ್ರಗಳಲ್ಲಿ "ಹ್ಯಾಶ್ ಸಮ್ ಮಿಸ್‌ಮ್ಯಾಚ್" ಬರುತ್ತಿದೆ, ಎಲ್ಲದರಲ್ಲೂ ಅಲ್ಲ.

ಟರ್ಮಿನಲ್_ಗೆಳೆಯ:

ಕ್ರೋಮಿಯಂ ವಿಷಯ ನಾನು ಹೇಳುತ್ತೇನೆ. ಉಬುಂಟುವಿನ ಕ್ರೋಮಿಯಂ-ಬ್ರೌಸರ್ ಡೆಬ್ ಹೆಸರಿಗೆ ಮಾತ್ರ, ಒಳಗೆ ಅದು ಸ್ನ್ಯಾಪ್ ಎಂಬ ಬೇರೆ ಬಗೆಯ ಪ್ಯಾಕೇಜ್ ತರಿಸುತ್ತದೆ. ಫೈರ್‌ಫಾಕ್ಸ್ ಡೆಬ್ ಕೂಡ ಹಾಗೇ. ತರುವುದು ಸ್ನ್ಯಾಪ್‌ಡಿ ಎಂಬ ಬೇರೆ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ), ಅದು ಆಪ್ಟ್‌ನ ಫೈಲ್ ಓದುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ ಹೇಳಬೇಕು:

ಸುಡೊ ಸ್ನ್ಯಾಪ್ ಸೆಟ್ ಸಿಸ್ಟಮ್ ಪ್ರಾಕ್ಸಿ.ಎಚ್‌ಟಿಟಿಪಿ="ಎಚ್‌ಟಿಟಿಪಿ://10.20.30.1:3128"
ಸುಡೊ ಸ್ನ್ಯಾಪ್ ಸೆಟ್ ಸಿಸ್ಟಮ್ ಪ್ರಾಕ್ಸಿ.ಎಚ್‌ಟಿಟಿಪಿಎಸ್="ಎಚ್‌ಟಿಟಿಪಿ://10.20.30.1:3128"

ಸ್ಕ್ವಿಡ್‌ನ ರೆಪೊ ಪಟ್ಟಿಗೆ ಎಪಿಐ.ಸ್ನ್ಯಾಪ್‌ಕ್ರಾಫ್ಟ್.ಐಒ ಮತ್ತು .ಸ್ನ್ಯಾಪ್‌ಕ್ರಾಫ್ಟ್‌ಕಂಟೆಂಟ್.ಕಾಮ್ ಎರಡೂ ಸೇರಬೇಕು. ಮೊದಲನೆಯದು ಮಾತ್ರ ಇದ್ದರೆ ಹುಡುಕಾಟ ನಡೆಯುತ್ತದೆ, ಡೌನ್‌ಲೋಡ್ ನಡೆಯುವುದಿಲ್ಲ. ಯಾವುದೇ ಉಪಕರಣ ಕೈಕೊಟ್ಟಾಗ ಮೊದಲು ಕೇಳಬೇಕಾದದ್ದು, ನಿಜವಾಗಿ ಹೊರಗೆ ಸಂಪರ್ಕ ಮಾಡುತ್ತಿರುವ ಪ್ರೋಸೆಸ್ ಯಾವುದು, ಅದು ಯಾವ ಯೂಸರ್ ಹೆಸರಲ್ಲಿ ಓಡುತ್ತಿದೆ ಎಂದು. ಪ್ರಾಕ್ಸಿ ವಿಳಾಸವನ್ನು ಆ ಪ್ರೋಸೆಸ್ ಓದುವ ಜಾಗದಲ್ಲೇ ಬರೆಯಬೇಕು.

ಸ್ಕ್ವಿಡ್_ಕಾವಲು:

ಹ್ಯಾಶ್ ವಿಷಯಕ್ಕೆ ಬರೋಣ. ಉಬುಂಟು ಆರ್ಕೈವ್ ಸಾದಾ ಎಚ್‌ಟಿಟಿಪಿಯಲ್ಲಿ ಬರುತ್ತದೆ. ಸುರಕ್ಷತೆ ಇರುವುದು ಸಹಿಯಲ್ಲಿ: ಇನ್‌ರಿಲೀಸ್ ಫೈಲ್‌ಗೆ ಜಿಪಿಜಿ ಸಹಿ, ಅದರೊಳಗೆ ಪ್ಯಾಕೇಜಸ್ ಪಟ್ಟಿಗಳ ಹ್ಯಾಶ್ (ಫೈಲಿನ ಬೆರಳಚ್ಚು), ಪಟ್ಟಿಯೊಳಗೆ ಪ್ರತಿ ಡೆಬ್‌ನ ಹ್ಯಾಶ್. ಪ್ರಾಕ್ಸಿ ತನ್ನ ಕ್ಯಾಶೆಯಿಂದ (ಮೊದಲೇ ಇಳಿಸಿಟ್ಟುಕೊಂಡ ಪ್ರತಿಗಳಿಂದ) ಬೆಳಗಿನ ಇನ್‌ರಿಲೀಸ್ ಕೊಟ್ಟು, ಪಟ್ಟಿಯನ್ನು ಮಾತ್ರ ಸಂಜೆಯದ್ದು ಕೊಟ್ಟರೆ ಎರಡಕ್ಕೂ ತಾಳೆ ಆಗುವುದಿಲ್ಲ. ಅದೇ ಮಿಸ್‌ಮ್ಯಾಚ್. ಯಾವ ಯಂತ್ರ ಯಾವ ಹೊತ್ತಿಗೆ ಕೇಳಿತು ಎಂಬುದರ ಮೇಲೆ ನಿಂತಿರುವುದರಿಂದ ಕೆಲವಕ್ಕೆ ಬರುತ್ತದೆ, ಕೆಲವಕ್ಕೆ ಇಲ್ಲ. ಆಪ್ಟ್ 1.2ರಿಂದ ಬಂದ, ಪಟ್ಟಿಯನ್ನು ಅದರ ಹ್ಯಾಶ್ ಹೆಸರಿನಲ್ಲೇ ಕೇಳುವ ಬೈ-ಹ್ಯಾಶ್ ಸೌಲಭ್ಯದಿಂದ ಇದು ಬಹಳ ಕಡಿಮೆಯಾಗಿದೆ, ಆದರೆ ಮೂರನೆಯವರ ಎಷ್ಟೋ ರೆಪೊಸಿಟರಿಗಳಲ್ಲಿ ಬೈ-ಹ್ಯಾಶ್ ಇಲ್ಲ. ಹಾಗಾಗಿ ನಿಮ್ಮಲ್ಲಿ ಯಾವ ಸಾಲಿಗೆ ಈ ಎರರ್ ಬರುತ್ತಿದೆ ಅಂತ ಮೊದಲು ನೋಡಿ.

ತಕ್ಷಣಕ್ಕೆ ಆ ಯಂತ್ರದಲ್ಲಿ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ ಒಳಗಿನದ್ದನ್ನು ಅಳಿಸಿ, ಒಮ್ಮೆ ಹೀಗೆ ಓಡಿಸಿ: "ಸುಡೊ ಆಪ್ಟ್ -ಒ ಅಕ್ವೈರ್::ಎಚ್‌ಟಿಟಿಪಿ::ನೊ-ಕ್ಯಾಶ್=ಟ್ರೂ ಅಪ್‌ಡೇಟ್". ಇದರಿಂದ ಸರಿಯಾದರೆ ತಪ್ಪು ಕ್ಯಾಶೆಯದ್ದೇ ಎಂದು ಖಚಿತ. ಹಾಗಂತ ಆ ಆಯ್ಕೆಯನ್ನು ಕಾಯಂ ಫೈಲ್‌ನಲ್ಲಿ ಬರೆಯಬೇಡಿ. ಕ್ಯಾಶೆ ಇದ್ದೂ ಇಲ್ಲದಂತಾಗುತ್ತದೆ. ಸ್ಕ್ವಿಡ್ ಕಡೆ, ಇನ್‌ರಿಲೀಸ್, ರಿಲೀಸ್, ಪ್ಯಾಕೇಜಸ್ ಫೈಲ್‌ಗಳಿಗೆ ರಿಫ್ರೆಶ್_ಪ್ಯಾಟರ್ನ್ ಸಾಲು ಬರೆದು "0 0% 0 ರಿಫ್ರೆಶ್-ಐಎಂಎಸ್" ಕೊಡಿ. ಪ್ರತಿ ಸಲ ಮೂಲದಲ್ಲಿ ಬದಲಾಗಿದೆಯೇ ಅಂತ ಕೇಳಿಯೇ ಕೊಡುತ್ತದೆ. ಡೆಬ್ ಫೈಲ್‌ಗಳನ್ನು ಮಾತ್ರ ತಿಂಗಳುಗಟ್ಟಲೆ ಇಟ್ಟುಕೊಳ್ಳಲಿ, ಆವೃತ್ತಿ ಬದಲಾದರೆ ಫೈಲ್ ಹೆಸರೇ ಬದಲಾಗುವುದರಿಂದ ಅಪಾಯ ಇಲ್ಲ.

"ಕ್ಲಿಯರ್‌ಸೈನ್ಡ್ ಫೈಲ್ ಈಸಂಟ್ ವ್ಯಾಲಿಡ್, ಗಾಟ್ ನೋಸ್‌ಪ್ಲಿಟ್" ಅಂತ ಬಂದರೆ ಅದು ಬೇರೆ ರೋಗ. ಇನ್‌ರಿಲೀಸ್ ಕೇಳಿದಾಗ ನಡುವೆ ಯಾರೋ ಎಚ್‌ಟಿಎಂಎಲ್ ಲಾಗಿನ್ ಪುಟ ಕೊಟ್ಟಿದ್ದಾರೆ ಅಂತ ಅರ್ಥ. ಹಾಸ್ಟೆಲ್ ವೈಫೈನ ಫೈರ್‌ವಾಲ್ ಪೋರ್ಟಲ್‌ಗಳಲ್ಲಿ ಇದು ಮಾಮೂಲು. ಬ್ರೌಸರ್‌ನಲ್ಲಿ ಲಾಗಿನ್ ಆಗಿ ಮತ್ತೆ ಓಡಿಸಿ.

ಈಗ ಮುಖ್ಯ ಮಾತು. ಸ್ಕ್ವಿಡ್‌ನ ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್ ತಾನಾಗಿ 4 ಎಂಬಿ ಇರುತ್ತದೆ. ಅಂದರೆ 4 ಎಂಬಿ ಮೀರಿದ ಯಾವ ಡೆಬ್ಬೂ ಕ್ಯಾಶೆಗೆ ಹೋಗುತ್ತಿಲ್ಲ. 24.04ರ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಒಂದೇ ನೂರಾರು ಎಂಬಿ. ಅದರ ಅಪ್‌ಡೇಟ್ ಬಂದಾಗಲೆಲ್ಲ 40 ಯಂತ್ರಗಳು 40 ಸಲ ಹೊರಗಿನಿಂದ ಇಳಿಸುತ್ತವೆ. 1 ಜಿಬಿಗೆ ಏರಿಸಿ, ಮತ್ತು ಆ ಸಾಲನ್ನು ಕ್ಯಾಶೆ_ಡಿರ್ ಸಾಲಿನ ಮೇಲೆ ಬರೆಯಿರಿ. ಕೆಳಗೆ ಬರೆದರೆ ಹಳೆಯ ಮಿತಿಯೇ ಉಳಿಯುವುದುಂಟು.

ಇದಕ್ಕಿಂತ ಅಚ್ಚುಕಟ್ಟು ಬೇಕಿದ್ದರೆ ಲ್ಯಾಬ್ ಒಳಗೇ ಒಂದು ಯಂತ್ರದಲ್ಲಿ, 10.20.30.5 ಅನ್ನೋಣ, ಪ್ಯಾಕೇಜ್‌ಗಳನ್ನು ಇಟ್ಟುಕೊಂಡು ಹಂಚುವ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ. ಅದು 3142ನೇ ಪೋರ್ಟ್‌ನಲ್ಲಿ ಕೂರುತ್ತದೆ. /ಇಟಿಸಿ/ಆಪ್ಟ್-ಕ್ಯಾಶರ್-ಎನ್‌ಜಿ/ಎಸಿಎನ್‌ಜಿ.ಕಾನ್ಫ್‌ನಲ್ಲಿ "ಪ್ರಾಕ್ಸಿ: ಎಚ್‌ಟಿಟಿಪಿ://10.20.30.1:3128" ಎಂಬ ಸಾಲು, ಅಷ್ಟು ಕೊಟ್ಟರೆ ಹೊರಗಿನ ದಾರಿ ಅದಕ್ಕೆ ಗೊತ್ತಾಗುತ್ತದೆ. ಲ್ಯಾಬ್ ಯಂತ್ರಗಳ 95ಪ್ರಾಕ್ಸಿಯಲ್ಲಿ ಎಚ್‌ಟಿಟಿಪಿ ಸಾಲು 10.20.30.5:3142ಕ್ಕೆ ತೋರಿಸಲಿ, ಎಚ್‌ಟಿಟಿಪಿಎಸ್ ಸಾಲು ಸ್ಕ್ವಿಡ್‌ಗೇ ತೋರಿಸಲಿ. ಇದನ್ನು ಬೇರ್ಪಡಿಸದೆ ಎರಡನ್ನೂ 3142ಕ್ಕೆ ಕೊಟ್ಟರೆ ಎಚ್‌ಟಿಟಿಪಿಎಸ್ ರೆಪೊಸಿಟರಿಗಳೆಲ್ಲ 403 ಕೊಡುತ್ತವೆ, ಯಾಕೆಂದರೆ ಕ್ಯಾಶರ್ ಕನೆಕ್ಟ್ ವಿನಂತಿಗಳನ್ನು (ಎಚ್‌ಟಿಟಿಪಿಎಸ್‌ಗೆ ದಾರಿ ಕೇಳುವುದನ್ನು) ತಾನಾಗಿ ಒಪ್ಪುವುದಿಲ್ಲ. ಪಾಸ್‌ಥ್ರೂಪ್ಯಾಟರ್ನ್ ಹಾಕಿ ಒಪ್ಪಿಸಬಹುದು, ಆದರೆ ಗೂಢಲಿಪಿಯಲ್ಲಿ ಹೋಗುವುದನ್ನು ಅದು ಕ್ಯಾಶೆ ಮಾಡಲಾರದು, ಲಾಭ ಏನೂ ಇಲ್ಲ. ಕೆಲಸ ಮಾಡುತ್ತಿದೆಯೇ ನೋಡಲು ಬ್ರೌಸರ್‌ನಲ್ಲಿ 10.20.30.5:3142/ಎಸಿಎನ್‌ಜಿ-ರಿಪೋರ್ಟ್.ಎಚ್‌ಟಿಎಂಎಲ್ ತೆರೆಯಿರಿ.

ಪೈಥಾನ್_ಮೇಷ್ಟ್ರು:

ಲ್ಯಾಬ್ ಅಂದ ಮೇಲೆ ಪೈಥಾನ್ ಪ್ಯಾಕೇಜ್ ಇಳಿಸುವ ಪಿಪ್ ಬಂದೇ ಬರುತ್ತದೆ. "ಪಿಪ್ ಕಾನ್ಫಿಗ್ ಸೆಟ್ ಗ್ಲೋಬಲ್.ಪ್ರಾಕ್ಸಿ" ಮುಂದೆ ಅದೇ ಯುಆರ್‌ಎಲ್. ಸ್ಕ್ವಿಡ್ ಪಟ್ಟಿಯಲ್ಲಿ ಪೈಪಿಐ.ಆರ್ಗ್ ಒಂದನ್ನೇ ಬಿಟ್ಟರೆ ಸಾಲದು, ಪಟ್ಟಿ ಮಾತ್ರ ಅಲ್ಲಿಂದ ಬರುತ್ತದೆ. ಪ್ಯಾಕೇಜ್ ಇರುವ ವೀಲ್ ಫೈಲ್ ಬರುವುದು ಫೈಲ್ಸ್.ಪೈಥಾನ್‌ಹೋಸ್ಟೆಡ್.ಆರ್ಗ್‌ನಿಂದ. "ಕಲೆಕ್ಟಿಂಗ್" ತನಕ ಬಂದು ಡೌನ್‌ಲೋಡ್‌ನಲ್ಲಿ ನಿಂತರೆ ಇದೇ ಕಾರಣ.

ಪ್ರಾಕ್ಸಿಯು ಎಚ್‌ಟಿಟಿಪಿಎಸ್ ಬಿಚ್ಚಿ ನೋಡುವ ತರಹದ್ದಾದರೆ (ಬ್ರೌಸರ್‌ನಲ್ಲಿ ಸರ್ಟಿಫಿಕೇಟ್ ತೆರೆದರೆ ಸಂಸ್ಥೆಯ ಹೆಸರೇ ಕಾಣುತ್ತದೆ) ಅವರ ರೂಟ್ ಸರ್ಟಿಫಿಕೇಟ್ ಪಡೆದು /ಯುಎಸ್‌ಆರ್/ಲೋಕಲ್/ಶೇರ್/ಸಿಎ-ಸರ್ಟಿಫಿಕೇಟ್ಸ್ ಒಳಗೆ ಇಟ್ಟು "ಸುಡೊ ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್" ಕೊಡಿ. ಫೈಲ್ ಪೆಮ್ ರೂಪದಲ್ಲಿರಬೇಕು, ಹೆಸರು .ಸಿಆರ್‌ಟಿ ಅಂತಲೇ ಮುಗಿಯಬೇಕು. .ಪೆಮ್ ಅಂತ ಇಟ್ಟರೆ ಅದು ಎತ್ತಿಕೊಳ್ಳುವುದಿಲ್ಲ. "1 ಆ್ಯಡೆಡ್" ಅಂತ ಬಂದರೆ ಸೇರಿತು, "0 ಆ್ಯಡೆಡ್" ಬಂದರೆ ಹೆಸರು ನೋಡಿ. ಆಪ್ಟ್‌ಗೆ, ಕರ್ಲ್‌ಗೆ ಇಷ್ಟು ಸಾಕು. ಪೈಪಿಐನಿಂದ ಹಾಕಿಕೊಂಡ ಪಿಪ್ 24.2ಕ್ಕಿಂತ ಹಳೆಯದಾದರೆ ತನ್ನದೇ ಸರ್ಟಿಫಿಕೇಟ್ ಪಟ್ಟಿ ನೋಡುತ್ತದೆ, ಅದಕ್ಕೆ ಗ್ಲೋಬಲ್.ಸರ್ಟ್ ಕೊಡಬೇಕು. ನೋಡ್‌ಗೆ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ನೋಡ್_ಎಕ್ಸ್‌ಟ್ರಾ_ಸಿಎ_ಸರ್ಟ್ಸ್ ವೇರಿಯಬಲ್.

ಅಂತರ್ಜಾಲದಲ್ಲಿ ಹುಡುಕಿದರೆ ಟ್ರಸ್ಟೆಡ್-ಹೋಸ್ಟ್ ಹಾಕಿ, ನೋಡ್‌ನ ಎನ್‌ಪಿಎಂಗೆ ಸ್ಟ್ರಿಕ್ಟ್-ಎಸ್‌ಎಸ್‌ಎಲ್ ಫಾಲ್ಸ್ ಮಾಡಿ ಅನ್ನುವ, ಸರ್ಟಿಫಿಕೇಟ್ ಪರೀಕ್ಷೆಯನ್ನೇ ಬಿಡಿಸುವ ಸಲಹೆ ಸಿಗುತ್ತದೆ. ವಿದ್ಯಾರ್ಥಿಗಳಿಗೆ ದಯವಿಟ್ಟು ಅದನ್ನು ಕಲಿಸಬೇಡಿ. ಆಪ್ಟ್‌ನಲ್ಲಾದರೆ ಸಹಿ ಎಂಬ ಎರಡನೇ ಬೇಲಿ ಇದೆ. ಪಿಪ್‌ನಲ್ಲಿ ಟಿಎಲ್‌ಎಸ್ ತೆಗೆದರೆ ಇಳಿದದ್ದು ಯಾರ ಕೋಡ್ ಎಂದು ಹೇಳುವವರೇ ಇಲ್ಲ.

ಫೆಡೋರಾ_ಬಳಕೆದಾರ:

ಆಪ್ಟ್ ಬದಲು ಫೆಡೋರಾದ ಡಿಎನ್‌ಎಫ್ ಇರುವವರಿಗೆ: /ಇಟಿಸಿ/ಡಿಎನ್‌ಎಫ್/ಡಿಎನ್‌ಎಫ್.ಕಾನ್ಫ್‌ನ ಮೇನ್ ವಿಭಾಗದಲ್ಲಿ ಪ್ರಾಕ್ಸಿ, ಪ್ರಾಕ್ಸಿ_ಯೂಸರ್‌ನೇಮ್, ಪ್ರಾಕ್ಸಿ_ಪಾಸ್‌ವರ್ಡ್ ಅಂತ ಮೂರು ಬೇರೆ ಬೇರೆ ಸಾಲು. ಪಾಸ್‌ವರ್ಡ್ ಯುಆರ್‌ಎಲ್ ಒಳಗೆ ಇಲ್ಲದ ಕಾರಣ @ ಗೊಂದಲ ಇಲ್ಲ. ಪೋರ್ಟ್ ಮರೆಯಬೇಡಿ. ಕೆಳಗೆ ಕೆಲಸ ಮಾಡುವ ಕರ್ಲ್ ಲೈಬ್ರರಿ, ಪೋರ್ಟ್ ಇಲ್ಲದಿದ್ದರೆ 1080 ಅಂದುಕೊಳ್ಳುತ್ತದೆ, ಸ್ಕ್ವಿಡ್ ಅಲ್ಲಿ ಇರುವುದಿಲ್ಲ. ಎನ್‌ಟಿಎಲ್‌ಎಂ ಇದ್ದರೆ ಪ್ರಾಕ್ಸಿ_ಆಥ್_ಮೆಥಡ್ ಸಾಲಿನಲ್ಲಿ ಹೇಳಬಹುದು. ಅನುಮತಿ ಪಟ್ಟಿ ಇರುವ ಪ್ರಾಕ್ಸಿಯಾದರೆ ರೆಪೊ ಫೈಲ್‌ನಲ್ಲಿ ಮೆಟಾಲಿಂಕ್ (ಮಿರರ್‌ಗಳ ಪಟ್ಟಿ) ಸಾಲಿಗೆ # ಹಾಕಿ, ಬೇಸ್‌ಯುಆರ್‌ಎಲ್‌ನಲ್ಲಿ ಒಂದೇ ಮಿರರ್ ಕೊಡಿ. ಇಲ್ಲವಾದರೆ ಪ್ರತಿ ಸಲ ಬೇರೆ ಮಿರರ್‌ಗೆ ಹೋಗಿ ತಡೆ ಬೀಳುತ್ತಲೇ ಇರುತ್ತದೆ.

ಕಂಟೇನರ್_ಕೆಲಸ:

ಕಂಟೇನರ್ ಓಡಿಸುವ ಡಾಕರ್‌ನಲ್ಲಿ ಪುಲ್ ಮಾಡುವುದೂ ಡೀಮನ್, ಟರ್ಮಿನಲ್‌ನ ಎಕ್ಸ್‌ಪೋರ್ಟ್ ಅದಕ್ಕೆ ಕೇಳಿಸುವುದಿಲ್ಲ. /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್/ಡಾಕರ್.ಸರ್ವಿಸ್.ಡಿ ಒಳಗೆ ಒಂದು .ಕಾನ್ಫ್ ಫೈಲ್ ಮಾಡಿ, ಸರ್ವಿಸ್ ವಿಭಾಗದಲ್ಲಿ ಎನ್ವಿರಾನ್‌ಮೆಂಟ್ ಸಾಲು ಕೊಡಿ. ಇಲ್ಲೊಂದು ಬಲೆ ಇದೆ: ಸಿಸ್ಟಮ್‌ಡಿ ಫೈಲ್‌ನಲ್ಲಿ % ಗೆ ಬೇರೆ ಅರ್ಥ, ಹಾಗಾಗಿ ಮೇಲೆ %40 ಅಂದಿದ್ದನ್ನು ಇಲ್ಲಿ %%40 ಅಂತ ಬರೆಯಬೇಕು. ಆಪ್ಟ್ ಫೈಲ್‌ನಿಂದ ಹಾಗೇ ಕಾಪಿ ಮಾಡಿದರೆ 407 ಬರಬಹುದು, ಪಾಸ್‌ವರ್ಡ್ ಸರಿಯಿದ್ದರೂ. ಆಮೇಲೆ ಡೀಮನ್-ರಿಲೋಡ್, ಡಾಕರ್ ರೀಸ್ಟಾರ್ಟ್.

ಬಿಲ್ಡ್ ಒಳಗೆ ಆಪ್ಟ್ ಓಡಬೇಕಾದರೆ "--ಬಿಲ್ಡ್-ಆರ್ಗ್ ಎಚ್‌ಟಿಟಿಪಿ_ಪ್ರಾಕ್ಸಿ=" ಕೊಡಿ. ಸಿಎನ್‌ಟಿಎಲ್‌ಎಂ ಬಳಸುವವರು 127.0.0.1 ಕೊಡಬೇಡಿ, ಕಂಟೇನರ್ ಒಳಗೆ 127.0.0.1 ಅಂದರೆ ಆ ಕಂಟೇನರೇ. ಮಾಮೂಲಿ ಬ್ರಿಡ್ಜ್‌ನಲ್ಲಿ ಹೋಸ್ಟ್‌ನ ವಿಳಾಸ 172.17.0.1, ಸಿಎನ್‌ಟಿಎಲ್‌ಎಂನ ಲಿಸನ್ ಸಾಲಿಗೆ ಅದನ್ನೂ ಸೇರಿಸಿ.

ಹೊಸ_ಅಡ್ಮಿನ್:

ಲ್ಯಾಪ್‌ಟಾಪ್ ಆಫೀಸಲ್ಲಿ ಪ್ರಾಕ್ಸಿ ಹಿಂದೆ, ಮನೆಯಲ್ಲಿ ನೇರ. ದಿನಾ ಫೈಲ್ ತಿದ್ದಬೇಕಾ?

ಟರ್ಮಿನಲ್_ಗೆಳೆಯ:

ಬೇಡ. 95ಪ್ರಾಕ್ಸಿಯಲ್ಲಿ ಸ್ಥಿರ ವಿಳಾಸದ ಬದಲು "ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ-ಆಟೊ-ಡಿಟೆಕ್ಟ್" ಬರೆದು ಒಂದು ಸ್ಕ್ರಿಪ್ಟ್‌ನ ದಾರಿ ಕೊಡಿ. ಸ್ಕ್ರಿಪ್ಟ್ "ಎನ್‌ಸಿ -ಝಡ್ -ಡಬ್ಲ್ಯೂ 2" ಆದ ಮೇಲೆ ಪ್ರಾಕ್ಸಿಯ ಐಪಿ, ಪೋರ್ಟ್ ಹಾಕಿ ತಟ್ಟಿ ನೋಡಲಿ. ಸಿಕ್ಕರೆ ಪ್ರಾಕ್ಸಿ ಯುಆರ್‌ಎಲ್, ಸಿಗದಿದ್ದರೆ "ಡೈರೆಕ್ಟ್" ಎಂಬ ಒಂದೇ ಪದ (ದೊಡ್ಡಕ್ಷರದಲ್ಲಿ) ಎಕೋ ಮಾಡಲಿ. ಬೇರೆ ಒಂದಕ್ಷರವೂ ಪ್ರಿಂಟ್ ಆಗಬಾರದು. ಸ್ಕ್ರಿಪ್ಟ್ /ಯುಎಸ್‌ಆರ್/ಲೋಕಲ್/ಬಿನ್ ಒಳಗಿರಲಿ, 755 ಇರಲಿ. ಹೋಮ್ ಫೋಲ್ಡರ್‌ನಲ್ಲಿಟ್ಟರೆ, ಅದು ಇತರರಿಗೆ ಮುಚ್ಚಿರುವುದರಿಂದ, ಆಪ್ಟ್‌ನ ಡೌನ್‌ಲೋಡ್ ಯೂಸರ್‌ಗೆ ಸಿಗದೆ ಹೋಗಬಹುದು.

ಲ್ಯಾಬ್_ಇನ್‌ಚಾರ್ಜ್:

ಕ್ರೋಮಿಯಂ ಬಂತು. ಹ್ಯಾಶ್ ತೊಂದರೆ ಮೂರನೆಯವರ ರೆಪೊಸಿಟರಿಯದ್ದೇ ಆಗಿತ್ತು, ರಿಫ್ರೆಶ್ ಸಾಲು ಹಾಕಿಸಿದ ಮೇಲೆ ಬಂದಿಲ್ಲ. ಕ್ಯಾಶರ್ ಕೂಡ ಓಡುತ್ತಿದೆ. ಕೊನೆಯದಾಗಿ, ಹಳೆಯ ನಾಲ್ಕೈದು ಯಂತ್ರಗಳಲ್ಲಿ ಸೋಮವಾರ ಮಾತ್ರ 24.04ರ, ಅಂದರೆ ನೋಬಲ್‌ನ, ನೋಬಲ್-ಅಪ್‌ಡೇಟ್ಸ್‌ಗೆ "ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್" ಅಂತ ಬರುತ್ತಿದೆ. ಎರಡು ಯಂತ್ರಗಳಲ್ಲಿ ವಿಂಡೋಸ್ ಕೂಡ ಇದೆ, ಅವುಗಳಲ್ಲಿ ದಿನವೂ ಬರುತ್ತದೆ.

ಸ್ಕ್ವಿಡ್_ಕಾವಲು:

ಗಡಿಯಾರ ಹಿಂದೆ ಬಿದ್ದಿದೆ. ಇನ್‌ರಿಲೀಸ್‌ನಲ್ಲಿರುವ ದಿನಾಂಕ ಯಂತ್ರದ ಪ್ರಕಾರ ಇನ್ನೂ ಬಂದಿಲ್ಲ, ಅದಕ್ಕೇ ಆಪ್ಟ್ ಒಪ್ಪುತ್ತಿಲ್ಲ. ಇನ್ನೆಷ್ಟು ಹೊತ್ತು ಕಾಯಬೇಕು ಎಂದು ಆವರಣದಲ್ಲಿ ಬರೆದಿರುತ್ತದೆ ನೋಡಿ. ಬರೀ "ನೋಬಲ್" ಸಾಲಿಗೆ ಬರುವುದಿಲ್ಲ, ಅದರ ದಿನಾಂಕ 2024ರ ಏಪ್ರಿಲ್‌ನದ್ದು.

ಇದೂ ಪ್ರಾಕ್ಸಿಯ ಕಾರಣವೇ. ಸಮಯ ತರುವ ಎನ್‌ಟಿಪಿ ಓಡುವುದು ಯುಡಿಪಿ 123ರಲ್ಲಿ, ಎಚ್‌ಟಿಟಿಪಿ ಪ್ರಾಕ್ಸಿ ಅದನ್ನು ದಾಟಿಸುವುದಿಲ್ಲ. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡ್‌ನ ಸಿಆರ್2032 ಬ್ಯಾಟರಿ ಸತ್ತಿರಬೇಕು. ಸಿಸ್ಟಮ್‌ಡಿ ಕೊನೆಗೆ ಉಳಿಸಿದ ಸಮಯದಿಂದ ಗಡಿಯಾರ ಶುರು ಮಾಡುತ್ತದೆ, ಶನಿವಾರ ಆರಿಸಿದ್ದು ಸೋಮವಾರವೂ ಶನಿವಾರವೇ. ವಿಂಡೋಸ್ ಇರುವ ಎರಡರಲ್ಲಿ "ಟೈಮ್‌ಡೇಟ್‌ಸಿಟಿಎಲ್" ಕೊಟ್ಟು "ಆರ್‌ಟಿಸಿ ಇನ್ ಲೋಕಲ್ ಟಿಝಡ್" ಸಾಲು ನೋಡಿ, ಆರ್‌ಟಿಸಿ ಅಂದರೆ ಬಯೋಸ್ ಗಡಿಯಾರ. ಅಲ್ಲಿ "ಯೆಸ್" ಇದ್ದು, ವಿಂಡೋಸ್ ಬಯೋಸ್ ಗಡಿಯಾರವನ್ನು ಯುಟಿಸಿಯಲ್ಲಿ ಇಡುತ್ತಿದ್ದರೆ ಲಿನಕ್ಸ್ ಸರಿಯಾಗಿ ಐದೂವರೆ ಗಂಟೆ ಹಿಂದೆ ಇರುತ್ತದೆ. "ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 0" ಕೊಡಿ.

ಎಲ್ಲ ಯಂತ್ರಗಳಿಗೂ ಸೇರಿ: ಪ್ರಾಕ್ಸಿ ಯಂತ್ರಕ್ಕೆ ಹೊರಗಿನ ಎನ್‌ಟಿಪಿ ಸಿಗುವುದಾದರೆ ಅದರಲ್ಲೇ ಕ್ರೋನಿ ಎಂಬ ಎನ್‌ಟಿಪಿ ಸರ್ವರ್ ಹಾಕಿ, ಕ್ರೋನಿ.ಕಾನ್ಫ್‌ನಲ್ಲಿ "ಅಲೌ 10.20.30.0/24" ಬರೆಯಿರಿ. ಲ್ಯಾಬ್ ಯಂತ್ರಗಳ /ಇಟಿಸಿ/ಸಿಸ್ಟಮ್‌ಡಿ/ಟೈಮ್‌ಸಿಂಕ್‌ಡಿ.ಕಾನ್ಫ್‌ನಲ್ಲಿ "ಎನ್‌ಟಿಪಿ=10.20.30.1" ಕೊಟ್ಟು ಸಿಸ್ಟಮ್‌ಡಿ-ಟೈಮ್‌ಸಿಂಕ್‌ಡಿ ರೀಸ್ಟಾರ್ಟ್ ಮಾಡಿ. "ಟೈಮ್‌ಡೇಟ್‌ಸಿಟಿಎಲ್ ಟೈಮ್‌ಸಿಂಕ್-ಸ್ಟೇಟಸ್"ನಲ್ಲಿ ಸರ್ವರ್ ಮುಂದೆ 10.20.30.1 ಕಾಣಿಸಿದ ಮೇಲೆ ಆಪ್ಟ್ ಅಪ್‌ಡೇಟ್ ಓಡಿಸಿ.